ಹೆಳವ ಬಾರದ ಊರು



ಆಸ್ಟ್ರೇಲಿಯಾದ ರೇಡಿಯೋ, ಟಿವಿಗಳಲ್ಲಿ ಕೆಲವು ಕಾರ್ಯಕ್ರಮಗಳಿಗೆ ಮುಂಚೆ ಒಂದು ಎಚ್ಚರಿಕೆಯ ಮಾತು ಬರುವುದನ್ನು ನೀವು ಕೇಳಿರುತ್ತೀರಿ. ಇದರಲ್ಲಿ ತೀರಿಕೊಂಡವರ ಹೆಸರು, ದನಿ, ಚಿತ್ರ ಇರಬಹುದು ಎಂದು ಈ ನೆಲದ ಮೂಲನಿವಾಸಿಗಳಿಗೆ ಮೊದಲೇ ತಿಳಿಸುವ ಮಾತು ಅದು. ಅವರ ಎಷ್ಟೋ ಸಮುದಾಯಗಳಲ್ಲಿ ಸತ್ತವರ ಹೆಸರನ್ನು ಸ್ವಲ್ಪ ಕಾಲ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಹೋದ ಜೀವಕ್ಕೂ ಉಳಿದ ಮನೆಯವರಿಗೂ ನೋವು.

ನಮ್ಮದು ಇದಕ್ಕೆ ತದ್ವಿರುದ್ಧ. ಹೆಸರು ಹಿಡಿದು ಕರೆಯದಿದ್ದರೆ ಹಿರಿಯರಿಗೆ ಅನ್ನ ಮುಟ್ಟುವುದಿಲ್ಲ ಎನ್ನುವ ಜನ ನಾವು. ಶ್ರಾದ್ಧಕ್ಕೆ ಕೂತರೆ ಪುರೋಹಿತರು ಮೂರು ತಲೆಮಾರಿನ ಹೆಸರು ಕೇಳುತ್ತಾರೆ. ಮಾರ್ನಮಿಯಲ್ಲಿ ಎಡೆ ಇಟ್ಟರೆ ಮನೆಯ ಹಿರಿಯರು ಒಬ್ಬೊಬ್ಬರ ಹೆಸರು ತೆಗೆದು, ಅವರಿಗೆ ಇಷ್ಟವಾದದ್ದನ್ನು ಬಡಿಸುತ್ತಾರೆ. ಒಬ್ಬರಿಗೆ ಹೋಳಿಗೆ, ಇನ್ನೊಬ್ಬರಿಗೆ ಕೋಳಿ ಸಾರು, ಮತ್ತೊಬ್ಬರಿಗೆ ಒಂದು ಕಟ್ಟು ಬೀಡಿ. ಹೆಸರು ಹೇಳದೆ ಇರುವುದೂ ಗೌರವ, ಹೇಳುವುದೂ ಗೌರವ. ಆದರೆ ಹೆಸರೇ ಗೊತ್ತಿಲ್ಲದೆ ಸುಮ್ಮನಿರುವುದಕ್ಕೆ ಏನನ್ನಬೇಕು? ಇವತ್ತಿನ ನನ್ನ ಮಾತು ಅದರ ಬಗ್ಗೆ.

ನಾನಿರುವುದು ಮೆಲ್ಬರ್ನಿನ ಉತ್ತರದ ತುದಿ, ಕ್ರೇಗಿಬರ್ನ್‌ನಲ್ಲಿ. ಸ್ಕಾಟ್ಲೆಂಡಿನಿಂದ ಬಂದ ಹೆಸರು. ಕ್ರೇಗ್ ಅಂದರೆ ಬಂಡೆ, ಬರ್ನ್ ಅಂದರೆ ಹಳ್ಳ. ನಮ್ಮ ಕಡೆಯಾಗಿದ್ದರೆ ಬಂಡೆಹಳ್ಳ ಎಂದು ಹೆಸರಿಟ್ಟು, ಪಕ್ಕದಲ್ಲೇ ಒಂದು ಹನುಮಪ್ಪನ ಗುಡಿ ಕಟ್ಟುತ್ತಿದ್ದರು. ಸಿಡ್ನಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಬಂಡಿಗಳು ನಿಂತು ಸುಧಾರಿಸಿಕೊಳ್ಳುತ್ತಿದ್ದ ಜಾಗ ಇದು. 1872ರಲ್ಲಿ ರೈಲು ನಿಲ್ದಾಣ ಬಂದ ಮೇಲೂ ಬಹುಕಾಲ ಚಿಕ್ಕ ಊರಾಗಿಯೇ ಇತ್ತು. ನಗರದ ವಿದ್ಯುತ್ ರೈಲು ಇಲ್ಲಿಗೆ ಬಂದದ್ದು 2007ರಲ್ಲಿ. 2021ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ 65 ಸಾವಿರ ಮುಟ್ಟಿತ್ತು. ಆ 65 ಸಾವಿರದಲ್ಲಿ ನಾವೂ ಇದ್ದೇವೆ. ಎರಡು ಕಾರು, ನಾಲ್ಕು ಕೋಣೆಯ ಮನೆ, ಹಿತ್ತಲಲ್ಲಿ ಕರಿಬೇವು, ಚಳಿಗಾಲದಲ್ಲಿ ಅದರ ಮೇಲೊಂದು ಗೋಣಿಚೀಲ.

ಈಗ ಆ ಮನೆಗಳಲ್ಲಿ ಸಾವೂ ಶುರುವಾಗಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಹುಡುಗನೊಬ್ಬನ ತಂದೆ ತೀರಿಕೊಂಡರು. ಧಾರವಾಡದ ಕಡೆಯವರು. ಮಗನ ಜತೆ ಇರಲಿಕ್ಕೆ ಬಂದವರು. ಅಂತ್ಯಕ್ರಿಯೆ ನಡೆಸಿಕೊಡುವ ಸಂಸ್ಥೆಯವರು ಒಂದು ಅರ್ಜಿ ಕಳಿಸಿದ್ದರು. ಸರ್ಕಾರಕ್ಕೆ ಸಾವನ್ನು ನೋಂದಾಯಿಸುವ ಅರ್ಜಿ. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿಕೊಂಡು ಕೂತೆವು. ಹೆಸರು, ಹುಟ್ಟಿದ ದಿನ, ಊರು, ಕೆಲಸ, ಆಸ್ಟ್ರೇಲಿಯಾಕ್ಕೆ ಬಂದು ಎಷ್ಟು ವರ್ಷವಾಯಿತು, ಮದುವೆ ಎಲ್ಲಾಯಿತು, ಆಗ ವಯಸ್ಸೆಷ್ಟು, ಮಕ್ಕಳೆಷ್ಟು, ಅವರ ಹೆಸರು ವಯಸ್ಸೇನು. ಹುಡುಗ ಸರಸರನೆ ಬರೆದ. ತೀರಿಕೊಂಡವರ ತಂದೆಯ ಹೆಸರು, ಕಸುಬು. ಅದನ್ನೂ ಬರೆದ. ಆಮೇಲೆ ತಾಯಿಯ ಹೆಸರು, ಮದುವೆಗೆ ಮುಂಚಿನ ಮನೆತನದ ಹೆಸರು. ಅಲ್ಲಿ ಪೆನ್ನು ನಿಂತಿತು.

"ನಾವು ಆಯಿ ಅಂತಿದ್ವಿ," ಅಂದ.

ಇಲ್ಲಿ ರಾತ್ರಿ ಹನ್ನೊಂದು. ಅಲ್ಲಿ ಇನ್ನೂ ಸಂಜೆ ಆರೂವರೆ, ದೀಪ ಹಚ್ಚುವ ಹೊತ್ತು. ಊರಲ್ಲಿದ್ದ ಸೋದರತ್ತೆಗೆ ಫೋನ್ ಹಚ್ಚಿದ. ಅವರು ಅಣ್ಣನ ಸುದ್ದಿ ಕೇಳಿ ಅತ್ತು ಅತ್ತು ದನಿ ಕಟ್ಟಿದ್ದರು. ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಬರಲಿಲ್ಲ. ಆಮೇಲೆ ಅಂದರು: "ನಮ್ಮವ್ವನ ಹೆಸರ ಕೇಳಾಕ ನಿಮ್ಮಪ್ಪ ಸಾಯಬೇಕಾತೇನೋ ತಮ್ಮಾ?"

ಹೆಸರು ಹೇಳಿದರು. ಒಂದಲ್ಲ, ಎರಡು. ತವರುಮನೆಯಲ್ಲಿ ಒಂದು, ಅಕ್ಕಿಯ ಮೇಲೆ ಬರೆದು ಗಂಡನ ಮನೆಯಲ್ಲಿ ಇಟ್ಟದ್ದು ಇನ್ನೊಂದು. ಅರ್ಜಿಯಲ್ಲಿ ಇದ್ದದ್ದು ಒಂದೇ ಖಾನೆ. ಆ ಹೆಸರುಗಳನ್ನು ನಾನು ಇಲ್ಲಿ ಹೇಳುವುದಿಲ್ಲ, ಅವು ಆ ಮನೆಯವರವು. ಆದರೆ ಅತ್ತೆಯ ಆ ಮಾತು ಮಾತ್ರ ನನ್ನ ಬೆನ್ನು ಬಿಡಲಿಲ್ಲ. ಒಂದು ಊರು ತನ್ನ ಸತ್ತವರ ಲೆಕ್ಕವನ್ನು ಹೇಗೆ ಇಟ್ಟುಕೊಂಡು ಬಂತು ಎಂದು ಹುಡುಕತೊಡಗಿದೆ.

ಕನ್ನಡನಾಡಿನಲ್ಲಿ ಈ ಲೆಕ್ಕ ಕಲ್ಲಿನಿಂದ ಶುರುವಾಗುತ್ತದೆ. ನಮ್ಮ ಹಳ್ಳಿಗಳ ಅಂಚಿನಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಹಿಂದೆ ಅರ್ಧ ಹೂತುಹೋದ ವೀರಗಲ್ಲುಗಳನ್ನು ಯಾರು ನೋಡಿಲ್ಲ? ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅವನೇ. ನೆತ್ತಿಯಲ್ಲಿ ಸೂರ್ಯ ಚಂದ್ರ. ಅವು ಇರುವವರೆಗೆ ಈ ಹೆಸರೂ ಇರಲಿ ಎಂದು. ಎಷ್ಟೋ ಕಲ್ಲುಗಳ ಮೇಲೆ ಅಕ್ಷರವೇ ಇಲ್ಲ. ಕೆತ್ತಿಸಿದವರಿಗೆ ಅದು ಯಾರೆಂದು ಗೊತ್ತಿತ್ತು, ಬರೆಯುವ ಅಗತ್ಯ ಕಾಣಲಿಲ್ಲ. ಅವರು ಹೋದರು, ಕಲ್ಲು ಅನಾಮಿಕವಾಯಿತು. ಬಟ್ಟೆ ಒಗೆಯುವ ಕಲ್ಲಾಯಿತು.

ಅಕ್ಷರ ಇದ್ದ ಕಲ್ಲುಗಳ ಕಥೆ ಬೇರೆ. ಬೆಂಗಳೂರು ಎಂಬ ಹೆಸರು ಕಾಣಿಸುವ ಅತಿ ಹಳೆಯ ಬರಹ ಯಾವುದು ಗೊತ್ತೇ? ಬೇಗೂರಿನ ಗುಡಿಯ ಆವರಣದಲ್ಲಿರುವ ಶಾಸನ, ಸುಮಾರು 890ರದ್ದು. ಅದು ಹೇಳುವುದು ಬೆಂಗಳೂರು ಕಾಳಗದಲ್ಲಿ ಆದ ಸಾವಿನ ಸಂಗತಿ. ಅಂದರೆ ಆ ಮಹಾನಗರದ ಹೆಸರು ನಮಗೆ ಮೊದಲು ಸಿಗುವುದೇ ಒಂದು ಸಾವಿನ ಸುದ್ದಿಯಲ್ಲಿ. ಅದಕ್ಕಿಂತ ಹಳೆಯ ಕಲ್ಲು 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸದ ವೇಳೆ ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದ್ದು. ಕಿತ್ತಯ್ಯ ಎಂಬವನು ಕಾದಿ ಸತ್ತನೆಂದು ಹೇಳುತ್ತದೆ. ಆ ಒಂದು ಹೆಸರು ಸುಮಾರು 1270 ವರ್ಷ ಕಾದಿತ್ತು.

ಮನುಷ್ಯರಿಗಷ್ಟೇ ಅಲ್ಲ. ಮದ್ದೂರು ತಾಲೂಕಿನ ಆತಕೂರಿನ ಶಾಸನ, ಕ್ರಿ.ಶ. 949-50ರದ್ದು, ಒಂದು ನಾಯಿಗೆ ನಿಲ್ಲಿಸಿದ ಕಲ್ಲು. ನಾಯಿಯ ಹೆಸರು ಕಾಳಿ. ಯುದ್ಧದಲ್ಲಿ ಮೆಚ್ಚುಗೆ ಗಳಿಸಿದ ಮಣಲೇರ ಎಂಬವನು, ಬೇಕಾದ್ದು ಕೇಳು ಅಂದಾಗ ಈ ನಾಯಿಯನ್ನು ಕೇಳಿ ಪಡೆದನಂತೆ. ಅದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಅವನು ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪೂಜಾರಿಗೆ ಪಾಪ ಎಂದೂ ಬರೆಸಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಸಾವಿರ ವರ್ಷದ ಹಿಂದಿನ ನಾಯಿಯ ಹೆಸರು ನಮಗೆ ಗೊತ್ತು. ಆ ನಾಯಿಗೆ ಅನ್ನ ಹಾಕುತ್ತಿದ್ದ ಹೆಂಗಸಿನ ಹೆಸರು ಗೊತ್ತಿಲ್ಲ. ಹೆಂಗಸಿಗೆ ಕಲ್ಲು ಸಿಗಬೇಕಾದರೆ ಬಹುಮಟ್ಟಿಗೆ ಅವಳು ಗಂಡನ ಜತೆ ಬೆಂಕಿಗೆ ಬೀಳಬೇಕಿತ್ತು. ಮಾಸ್ತಿಕಲ್ಲಿನ ಮೇಲೆ ಕಾಣುವುದು ಬಳೆ ತೊಟ್ಟ, ಮೇಲೆತ್ತಿದ ಒಂದು ಕೈ. ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರಿನಲ್ಲಿ 1057ರ ಶಾಸನವೊಂದಿದೆ, ದೇಕಬ್ಬೆಯದು. ಮಲ್ಲಯುದ್ಧದಲ್ಲಿ ರಾಜನ ಬಂಧುವೊಬ್ಬನನ್ನು ಕೊಂದದ್ದಕ್ಕೆ ಅವಳ ಗಂಡ ಏಚನಿಗೆ ಚೋಳರ ಆಳ್ವಿಕೆಯಲ್ಲಿ ಮರಣದಂಡನೆಯಾಯಿತು. ಸುದ್ದಿ ಕೇಳಿದ ದೇಕಬ್ಬೆ, ಹೆತ್ತವರು ತಡೆದರೂ ಕೇಳದೆ ಬೆಂಕಿ ಹೊಕ್ಕಳು. ಕಲ್ಲಿನ ಮೇಲೆ ಪದ್ಯದಲ್ಲಿ ಅವಳ ಕಥೆಯಿದೆ. ಓದುವಾಗ ನನ್ನ ಕಣ್ಣು ನಿಲ್ಲುವುದು ಬೆಂಕಿಯ ಹತ್ತಿರವಲ್ಲ, ಬೇಡ ಮಗಳೇ ಎಂದು ಅಡ್ಡ ನಿಂತ ಆ ಹೆತ್ತವರ ಹತ್ತಿರ.

ಸತ್ಯ ಹೇಳಬೇಕೆಂದರೆ ಅಪವಾದಗಳೂ ಇವೆ. ಶ್ರವಣಬೆಳಗೊಳದಲ್ಲಿ 570ಕ್ಕೂ ಹೆಚ್ಚು ಶಾಸನಗಳಿವೆ, ಅವುಗಳಲ್ಲಿ ಹಲವು, ಉಪವಾಸವಿದ್ದು ಸಾಯುವ ಜೈನರ ಸಲ್ಲೇಖನ ವ್ರತದಿಂದ ದೇಹ ಬಿಟ್ಟವರವು; ಅವರಲ್ಲಿ ಹೆಂಗಸರೂ ಉಂಟು. ಹೊಯ್ಸಳರ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಅವಳ ತಾಯಿ ಮಾಚಿಕಬ್ಬೆ ಮಗಳಿಲ್ಲದ ಮೇಲೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ಕಣ್ಣು ಮುಚ್ಚಿದಳು. ಅವಳ ಶಾಸನ ತವರಿನ ಕಡೆಯ ಹಿರಿಯರನ್ನೂ ಹೆಸರಿಸುತ್ತದೆ. ರಾಣಿಯ ತಾಯಿಗೆ ಸಿಕ್ಕ ಮರ್ಯಾದೆ ಅದು. ಉಳಿದವರ ತವರು ಯಾವ ಕಲ್ಲಿನ ಮೇಲೆ?

ಈ ಕಲ್ಲುಗಳನ್ನು ಓದಿಸಿ ಅಚ್ಚಿಗೆ ತಂದದ್ದು ಬಿ. ಎಲ್. ರೈಸ್. ಬೆಂಗಳೂರಿನಲ್ಲೇ ಹುಟ್ಟಿದವರು. 1886ರಿಂದ 1905ರವರೆಗೆ ಹನ್ನೆರಡು ಸಂಪುಟಗಳಲ್ಲಿ, ಮೈಸೂರು ಮತ್ತು ಕೊಡಗು ಸೀಮೆಯ ಸುಮಾರು 9 ಸಾವಿರ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಹೆಸರಿನಲ್ಲಿ ಪ್ರಕಟಿಸಿದರು. ಅವರು ಊರೂರು ಸುತ್ತಿ ಕೇಳದೆ ಹೋಗಿದ್ದರೆ, ಎಷ್ಟೋ ಹೆಸರುಗಳು ಕಲ್ಲಿನ ಜತೆಯೇ ಅಳಿಸಿಹೋಗುತ್ತಿದ್ದವು.

ಅಂದಹಾಗೆ, ವೀರಗಲ್ಲು ಆಸ್ಟ್ರೇಲಿಯಾದಲ್ಲೂ ಇದೆ, ಕಲ್ಲಿನ ಬದಲು ಮರದ ರೂಪದಲ್ಲಿ. ಬಲ್ಲರಾಟ್ ಊರಿಗೆ ಹೋದವರು ಅಲ್ಲಿಯ ಗೌರವಸಾಲು, ಅವೆನ್ಯೂ ಆಫ್ ಆನರ್, ನೋಡಿರಬಹುದು. ಮೊದಲ ಮಹಾಯುದ್ಧಕ್ಕೆ ಹೋದವರ ಹೆಸರಿನಲ್ಲಿ, 1917ರಿಂದ 1919ರವರೆಗೆ, 3,700ಕ್ಕೂ ಹೆಚ್ಚು ಗಿಡಗಳನ್ನು ರಸ್ತೆಯ ಎರಡೂ ಬದಿಗೆ ಸುಮಾರು 22 ಕಿಲೋಮೀಟರ್ ಉದ್ದಕ್ಕೆ ನೆಟ್ಟರು. ಮುಂದೆ ನಿಂತು ನೆಡಿಸಿದವರು ಒಂದು ಬಟ್ಟೆ ಕಾರ್ಖಾನೆಯ ಹೆಣ್ಣುಮಕ್ಕಳು. ಸಿಪಾಯಿಗೂ ಒಂದೇ ಮರ, ಅಧಿಕಾರಿಗೂ ಒಂದೇ ಮರ. ಆತಕೂರಿನವರು ನೋಡಿದ್ದರೆ ಮೆಚ್ಚುತ್ತಿದ್ದರು.

ಆದರೆ ಕಲ್ಲು ಹೇಳುವುದು ಹೇಗೆ ಸತ್ತರು ಎಂಬುದನ್ನು, ಮರ ಹೇಳುವುದು ಯಾರು ಯುದ್ಧಕ್ಕೆ ಹೋದರು ಎಂಬುದನ್ನು. ಯಾರ ಮಗ, ಯಾರ ತಮ್ಮ, ಎಷ್ಟು ಮಕ್ಕಳು, ಯಾವ ಊರಿಂದ ಬಂದು ನೆಲೆಯಾದವರು ಎಂಬ ಬದುಕಿನ ಲೆಕ್ಕ ಬೇಕಾದರೆ ಕಲ್ಲು ಸಾಲದು. ಆ ಲೆಕ್ಕ ಇಟ್ಟವರು ಬೇರೆ. ಹೆಳವರು.

ಉತ್ತರ ಕರ್ನಾಟಕದವರು ಈ ಹೆಸರು ಕೇಳಿದ ಕೂಡಲೇ ಮುಗುಳ್ನಗುತ್ತೀರಿ. ಉಳಿದವರಿಗಾಗಿ ಹೇಳುತ್ತೇನೆ. ಹೆಳವ ಅಂದರೆ ಕಾಲಿಲ್ಲದವ. ಬಸವಣ್ಣನವರು ಕಾಲಿಲ್ಲದ ಒಬ್ಬನಿಗೆ ಎತ್ತು ಕೊಟ್ಟು, ಮನೆಮನೆಗೆ ಹೋಗಿ ವಂಶ ಹೊಗಳಿ ಬದುಕು ಅಂದರಂತೆ. ಇದು ಅವರೇ ಹೇಳಿಕೊಳ್ಳುವ ಕಥೆ. ಎತ್ತಿನ ಮೇಲೆ, ಕಾಲು ಮುಚ್ಚುವ ಹಾಗೆ ಕಂಬಳಿ ಹೊದ್ದು ಕೂತು ಬರುವ ಹೆಳವನನ್ನು ಬ್ರಿಟಿಷ್ ಅಧಿಕಾರಿಗಳೂ ಕಂಡು ಬರೆದಿದ್ದಾರೆ. 1920ರಿಂದ 22ರವರೆಗೆ ಪ್ರಕಟವಾದ ಎಂತೋವನ್ ಅವರ ಮುಂಬಯಿ ಪ್ರಾಂತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲೂ ಅವರಿದ್ದಾರೆ.

ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಮೇಲೆ ಬರುತ್ತಿದ್ದರು. ಬೆಳಗಿನ ಜಾವ ಗಂಟೆಯ ಸದ್ದು. ಕಟ್ಟೆಯ ಮುಂದೆ ಎತ್ತು ನಿಂತಿರುತ್ತಿತ್ತು. ಹೆಳವಪ್ಪ ಮೊದಲು ಯಾರ ಹತ್ತಿರವೂ ಏನೂ ಬೇಡುತ್ತಿರಲಿಲ್ಲ. ನಮ್ಮ ಮನೆತನದ ಮೂಲಪುರುಷ ಯಾವ ಊರು ಬಿಟ್ಟ, ಯಾವ ಬರಗಾಲದಲ್ಲಿ ಬಿಟ್ಟ, ಅವನಿಗೆ ಎಷ್ಟು ಮಂದಿ ಗಂಡುಮಕ್ಕಳು, ಯಾವ ತಮ್ಮ ದತ್ತಕ ಹೋದ, ಯಾರಿಗೆ ಸಂತಾನವಾಗಲಿಲ್ಲ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತುಹೋಗುತ್ತಿತ್ತು. ಅಜ್ಜ ಕಟ್ಟೆಯ ಮೇಲೆ ಕೂತು, ತನ್ನ ಅಜ್ಜನ ಹೆಸರು ಬಂದಾಗ ತಲೆಯ ರುಮಾಲು ಸರಿಮಾಡಿಕೊಳ್ಳುತ್ತಿದ್ದ. ಆಮೇಲೆ ಹೆಳವಪ್ಪ ಗಂಟು ಬಿಚ್ಚಿ ಹಳೆಯ ಪುಸ್ತಕ ತೆಗೆಯುತ್ತಿದ್ದ. ಕಳೆದ ಸಲದಿಂದೀಚೆ ಹುಟ್ಟಿದವರು ಯಾರು, ಹೋದವರು ಯಾರು? ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ. ನನ್ನ ಹೆಸರನ್ನು ಅವನು ಬರೆಯುವುದನ್ನು ಕಣ್ಣಾರೆ ನೋಡಿದ್ದೇನೆ. ಜೋಳ, ಕಾಳು, ಒಂದು ಧೋತರ, ದುಡ್ಡು ಕೊಟ್ಟು ಕಳಿಸುತ್ತಿದ್ದರು. ಉಳ್ಳವರು ಕರು ಕೊಟ್ಟದ್ದೂ ಉಂಟು.

ಊರಿನ ಒಬ್ಬೊಬ್ಬ ಬಡವನ ಮುತ್ತಜ್ಜನನ್ನೂ ನೆನಪಿಟ್ಟ ಜನ ಇವರು. ಸ್ವಂತಕ್ಕೆ ಹೊಲವಿಲ್ಲ, ಮನೆಯಿಲ್ಲ, ಊರವರ ಬೇರನ್ನೆಲ್ಲ ಎತ್ತಿನ ಬೆನ್ನಿನ ಮೇಲೆ ಹೇರಿಕೊಂಡು ಅಲೆದರು. ಆದರೆ ನಾನು ಕೇಳಿದ ಆ ಪಟ್ಟಿಯಲ್ಲೂ ಬರುತ್ತಿದ್ದದ್ದು ಗಂಡಸರ ಸಾಲು. ಮಗನಿಂದ ಮಗ, ಮಗನಿಂದ ಮಗ. ನಮ್ಮ ಅಜ್ಜಿ ಬಾಗಿಲ ಮರೆಯಲ್ಲಿ ನಿಂತು ಕೊನೆಯವರೆಗೂ ಕೇಳುತ್ತಿದ್ದಳು. ತನ್ನ ಹೆಸರು ಬರುವುದಿಲ್ಲ ಎಂದು ಗೊತ್ತಿದ್ದೂ.

ಹೆಳವ ಹೇಳುತ್ತಿದ್ದ ವಂಶಾವಳಿಗೆ ಈಗ ಕಚೇರಿಯ ಹೆಸರು ಬಂದಿದೆ: ವಂಶವೃಕ್ಷ. ಅಪ್ಪ ತೀರಿಕೊಂಡರೆ ಹೊಲವನ್ನು ಮಕ್ಕಳ ಹೆಸರಿಗೆ ತರುವ ಪೌತಿ ಖಾತೆ ಮಾಡಿಸಲು ನಾಡಕಚೇರಿಗೆ ಹೋಗಿ ಅದನ್ನು ಪಡೆಯಬೇಕು. ಹೊಲದ ಆಸೆಗೆ ಅಕ್ಕತಂಗಿಯರ ಹೆಸರನ್ನೇ ಬಿಟ್ಟು ವಂಶವೃಕ್ಷ ಬರೆಸುವ ಅಣ್ಣತಮ್ಮಂದಿರು ನಮ್ಮಲ್ಲಿ ಕಡಿಮೆಯೇನಿಲ್ಲ. ಕರ್ನಾಟಕ 1994ರಲ್ಲಿ, ದೇಶ 2005ರಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಮೇಲೂ ಈ ಚಾಳಿ ಪೂರ್ತಿ ಹೋಗಿಲ್ಲ. ಮರೆವು ಎಲ್ಲ ಸಲವೂ ತಾನಾಗಿ ಬರುವುದಿಲ್ಲ, ಕೆಲವು ಸಲ ಬೇಕೆಂದೇ ಕರೆಸಿಕೊಳ್ಳುತ್ತಾರೆ.

ಈಗ ಆ ರಾತ್ರಿಯ ಅರ್ಜಿಗೆ ಬರುತ್ತೇನೆ. ಅಷ್ಟೆಲ್ಲ ಯಾಕೆ ಕೇಳುತ್ತಾರೆ? ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಸರ್ಕಾರವೇ ಹುಟ್ಟು, ಸಾವು, ಮದುವೆ ಬರೆದಿಡಲು ಶುರುಮಾಡಿದ್ದು 1853ರ ಜುಲೈ 1ರಂದು. ಅದಕ್ಕೆ ಮುಂಚೆ ಚರ್ಚುಗಳ ಪುಸ್ತಕಗಳೇ ಗತಿ. ಹೊಸ ಪದ್ಧತಿಯನ್ನು ಕಟ್ಟಿದವರು ವಿಲಿಯಂ ಹೆನ್ರಿ ಆರ್ಚರ್, ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನಿಂದ ಬಂದಿದ್ದ ಅಂಕಿಅಂಶಗಳ ಪಂಡಿತ. ಆ ಕಾಲದ ಇಂಗ್ಲೆಂಡಿನಲ್ಲಿ ದೊಡ್ಡವರ ಮರಣಪತ್ರದಲ್ಲಿ ತಂದೆತಾಯಿಯ ಹೆಸರೂ ಇರುತ್ತಿರಲಿಲ್ಲ. ವಿಕ್ಟೋರಿಯಾದ ಕಾಗದದಲ್ಲಿ ತಂದೆ, ತಂದೆಯ ಕಸುಬು, ತಾಯಿ, ತಾಯಿಯ ತವರಿನ ಹೆಸರು, ಹುಟ್ಟಿದ ಊರು, ಇಲ್ಲಿಗೆ ಬಂದು ಎಷ್ಟು ವರ್ಷ, ಮದುವೆಯಾದ ಜಾಗ, ಮಕ್ಕಳ ಹೆಸರು ವಯಸ್ಸು, ಎಲ್ಲಕ್ಕೂ ಜಾಗವಿತ್ತು. 1851ರಲ್ಲಿ ಚಿನ್ನ ಸಿಕ್ಕ ಮೇಲೆ ಜಗತ್ತಿನ ಮೂಲೆಮೂಲೆಯಿಂದ ಜನ ಬಂದು ತುಂಬಿದ್ದ ನಾಡು ಇದು. ಯಾರಿಗೆ ಯಾರೂ ಪರಿಚಯವಿಲ್ಲದ ಕಡೆ, ಸತ್ತವನ ಪರಿಚಯವನ್ನು ಕಾಗದವೇ ಹೇಳಬೇಕಾಗಿತ್ತು ಎಂದು ನನಗನ್ನಿಸುತ್ತದೆ. ಇವತ್ತಿಗೂ ಕುಟುಂಬದ ಇತಿಹಾಸ ಹುಡುಕುವವರು ವಿಕ್ಟೋರಿಯಾದ ಮರಣಪತ್ರವೆಂದರೆ ಕಣ್ಣಿಗೊತ್ತಿಕೊಳ್ಳುತ್ತಾರೆ.

ನೋಡಿ, ಹೆಳವಪ್ಪ ಕೇಳುತ್ತಿದ್ದ ಪ್ರಶ್ನೆಗಳೇ ಇವು. ಅವನು ಕೇಳದೆ ಬಿಟ್ಟ ಒಂದನ್ನು ಆರ್ಚರ್ ಕೇಳಿದ: ಅಮ್ಮ ಯಾರ ಮನೆಯ ಮಗಳು? ನಮ್ಮ ಹುಡುಗನ ಪೆನ್ನು ನಿಂತದ್ದು ಅದೇ ಪ್ರಶ್ನೆಯಲ್ಲಿ. ಸಾವಿರ ವರ್ಷ ನಮ್ಮ ಕಲ್ಲು, ನಮ್ಮ ಬಾಯಿ, ನಮ್ಮ ಕಚೇರಿ ಬಹುಮಟ್ಟಿಗೆ ಖಾಲಿ ಬಿಟ್ಟ ಖಾನೆ ಅದು.

ಕ್ರೇಗಿಬರ್ನ್‌ಗೆ ಹೆಳವ ಬರುವುದಿಲ್ಲ. ನಮ್ಮ ಸತ್ತವರಲ್ಲಿ ಬಹಳ ಜನಕ್ಕೆ ಇಲ್ಲಿ ಕಲ್ಲೂ ಇಲ್ಲ. ದಕ್ಷಿಣಕ್ಕೆ ಫಾಕ್ನರ್‌ನಲ್ಲಿ 1906ರಲ್ಲಿ ಶುರುವಾದ ದೊಡ್ಡ ರುದ್ರಭೂಮಿಯಿದೆ. ಹಿಂದೆ ಊರೊಳಗಿನಿಂದ ಅಲ್ಲಿಗೆ ಶವಗಳನ್ನು ರೈಲಿನಲ್ಲಿ ಒಯ್ಯುತ್ತಿದ್ದರು. ಅಲ್ಲಿ ಸಾಲುಸಾಲು ಹೆಸರುಗಳು, ಇಟಲಿಯವರದು, ಗ್ರೀಕರದು. ನಮ್ಮಲ್ಲಿ ಹೂಳುವವರು ಹೂಳುತ್ತಾರೆ. ಸುಡುವವರು ಅಸ್ಥಿಯನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಶ್ರೀರಂಗಪಟ್ಟಣಕ್ಕೋ ಗೋಕರ್ಣಕ್ಕೋ ವಿಮಾನ ಹತ್ತುತ್ತಾರೆ. ಮಾರ್ನಮಿಗೆ, ಇಲ್ಲಿಯ ವಸಂತದಲ್ಲಿ, ಹಿತ್ತಲಿನ ಬೇಲಿಯ ಮೇಲೆ ಪಿಂಡ ಇಟ್ಟು ಕಾಗೆಗೆ ಕಾಯುತ್ತೇವೆ. ಬರುವುದು ಬಿಳಿ ಕಣ್ಣಿನ ರೇವನ್ ಹಕ್ಕಿ. ಅದು ತಿಂದರೂ ಸಂದಿತು ಎಂದು ಒಳಗೆ ಬಂದು ಊಟಕ್ಕೆ ಕೂರುತ್ತೇವೆ.

ಒಂದು ಕಡೆ ಮಾತ್ರ ನಮ್ಮ ಹಿರಿಯರು ನಮಗೇ ತಿಳಿಯದ ಹಾಗೆ ಉಳಿದುಕೊಂಡಿದ್ದಾರೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರಿಲ್ಲ, ಇನಿಷಿಯಲ್ ಇದೆ. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಬರೆದಾಗ ಅಪ್ಪನ ಹೆಸರೇ ಕೊನೆಯ ಹೆಸರಾಯಿತು. ಅದೇ ಮಕ್ಕಳಿಗೂ ಹೋಯಿತು. ಹಾಗಾಗಿ ಇಲ್ಲಿಯ ಶಾಲೆಯಲ್ಲಿ ಮೇಡಂ ಹಾಜರಿ ಕರೆಯುವಾಗ ಹನುಮಂತಪ್ಪ ಎಂಬ ಹೆಸರನ್ನು ತಡವರಿಸಿಕೊಂಡು ಓದಿದರೆ, ಐದು ವರ್ಷದ ಹುಡುಗಿ ಕೈ ಎತ್ತುತ್ತಾಳೆ. ತಾನು ಓಗೊಟ್ಟದ್ದು ಹಗರಿಬೊಮ್ಮನಹಳ್ಳಿಯ ಕಡೆ ದನ ಕಾಯುತ್ತಿದ್ದ ಒಬ್ಬ ಮುದುಕನ ಹೆಸರಿಗೆ ಎಂದು ಅವಳಿಗೆ ಗೊತ್ತಿಲ್ಲ. ಗೊತ್ತುಮಾಡಿಸಬೇಕಾದವರು ನಾವು. ಅಲ್ಲಿಯೂ ಅಜ್ಜನೇ ಇದ್ದಾನೆ, ಅಜ್ಜಿ ಇಲ್ಲ ಎಂಬುದನ್ನೂ ಗಮನಿಸಿ.

ಕೇಳುಗರೇ, ಕಲ್ಲು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಮೊಮ್ಮಕ್ಕಳನ್ನು ನೋಡಲು ಊರಿಂದ ಬಂದ ಅಪ್ಪ ಅಮ್ಮಂದಿರು ಈಗ ನಿಮ್ಮ ಮನೆಯ ಸೋಫಾದ ಮೇಲೆ ಕೂತು ಈ ಮಾತನ್ನು ಕೇಳುತ್ತಿರಬಹುದು. ಅವರ ವೀಸಾ ಮುಗಿಯುವುದಕ್ಕೆ ಮುಂಚೆ ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ಅಜ್ಜನ ಹೆಸರು ಬೇಡ. ಅಜ್ಜಿಯ ಹೆಸರು ಕೇಳಿ. ಎರಡು ಹೆಸರಿದ್ದರೆ ಎರಡನ್ನೂ ಬರೆಯಿರಿ. ತವರೂರು ಯಾವುದು, ಎಷ್ಟು ಹೆತ್ತಳು, ಎಷ್ಟು ಉಳಿದವು, ಏನು ಅಡುಗೆ ಚೆನ್ನಾಗಿ ಮಾಡುತ್ತಿದ್ದಳು ಎಂದು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಊರಿನ ಸೋದರತ್ತೆಗೆ ಫೋನ್ ಮಾಡಿ. ಇಲ್ಲಿ ರಾತ್ರಿಯಾದರೂ ಅಲ್ಲಿ ಇನ್ನೂ ದೀಪ ಹಚ್ಚುವ ಹೊತ್ತು.

ಯಾರೂ ಸಾಯುವವರೆಗೆ ಕಾಯಬೇಡಿ.